ಕಣ್ಣಿಗೆ ಕಣ್ಣು ಕೊಡದ ಮಗುವಿಗೆ ಕಣ್ಣಿನ ಪರೀಕ್ಷೆ ಮಾಡಿಸುವುದು ಹೇಗೆ?

ನಮ್ಮ ಪುಟ್ಟನಿಗೆ ಆಟಿಸಂ ಇದೆ. ಉಪ್ಪಿಟ್ಟಿನಲ್ಲಿ ಸಾಸಿವೆ ಕಂಡರೆ ಅವನಿಗೆ ಆಗುವುದಿಲ್ಲ. ಒಂದೊಂದೇ ಕಾಳನ್ನು ಬೆರಳ ತುದಿಗೆ ಅಂಟಿಸಿಕೊಂಡು ತಟ್ಟೆಯ ಅಂಚಿನಲ್ಲಿ ಸಾಲಾಗಿ ಇಟ್ಟಮೇಲೆಯೇ ತಿನ್ನುವುದು. ಅವನಿಗೆ ಐದೂವರೆ ವರ್ಷವಿದ್ದಾಗ ಒಂದು ಬೆಳಿಗ್ಗೆ ಏನೋ ಹುಳ ಕಚ್ಚಿ ಎಡಗಣ್ಣು ಊದಿ ಪೂರ್ತಿ ಮುಚ್ಚಿಹೋಗಿತ್ತು. ಅವತ್ತು ಅವನು ಸಾಸಿವೆ ತೆಗೆಯಲೇ ಇಲ್ಲ. ಸುಮ್ನೆ ತಿಂದ. "ನೋಡು, ಇವತ್ತು ಹಟ ಮಾಡದೆ ತಿಂದ" ಅಂತ ನಮ್ಮತ್ತೆಗೆ ಖುಷಿ. ನನಗೆ ಮಾತ್ರ ಹೊಟ್ಟೆಯಲ್ಲಿ ಏನೋ ಕಲಸಿದ ಹಾಗಾಯಿತು. ಹಟ ಬಿಟ್ಟಿರಲಿಲ್ಲ ಅವನು. ಸಾಸಿವೆ ಅವನಿಗೆ ಕಂಡೇ ಇರಲಿಲ್ಲ.

ಮುಂದಿನ ವಾರ ಪರೀಕ್ಷೆ ಮಾಡಿಸಿದಾಗ ಎಡಗಣ್ಣಿಗೆ ಪ್ಲಸ್ 2, ಬಲಗಣ್ಣಿಗೆ ಪ್ಲಸ್ 6 ಪವರ್ ಇತ್ತು. ಹೊರಗಿನಿಂದ ನೋಡಿದರೆ ಎರಡೂ ಕಣ್ಣು ಚೆನ್ನಾಗಿವೆ, ಮೆಳ್ಳೆಗಣ್ಣಿಲ್ಲ, ಕೆಂಪಿಲ್ಲ, ನೀರಿಲ್ಲ. ಆದರೆ ಬಲಗಣ್ಣು ಹುಟ್ಟಿದಾಗಿನಿಂದ ಮಸುಕು ಚಿತ್ರವನ್ನೇ ಕಳಿಸುತ್ತಿತ್ತು. ಮೆದುಳು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಎಡಗಣ್ಣಿನಲ್ಲೇ ಸಂಸಾರ ನಡೆಸುತ್ತಿತ್ತು. ಇದಕ್ಕೆ ಡಾಕ್ಟರುಗಳು ಲೇಜಿ ಐ ಅನ್ನುತ್ತಾರೆ. ಕಣ್ಣು ಸೋಮಾರಿಯಲ್ಲ ಪಾಪ, ಕೆಲಸ ಕೊಟ್ಟಿಲ್ಲ ಅಷ್ಟೇ.

ಅದಕ್ಕೂ ಮೊದಲು, ಅವನಿಗೆ ಮೂರು ವರ್ಷವಿದ್ದಾಗ ಒಂದು ಕಡೆ ತೋರಿಸಿದ್ದೆವು. ಎರಡು ನಿಮಿಷ ನೋಡಿ, "ಕೋಆಪರೇಟ್ ಮಾಡ್ತಿಲ್ಲ, ಆಟಿಸಂ ಮಕ್ಕಳು ಹೀಗೇ. ಸ್ವಲ್ಪ ದೊಡ್ಡವನಾದ ಮೇಲೆ ಕರ್ಕೊಂಡು ಬನ್ನಿ" ಅಂದರು. ನಾವೂ ನಂಬಿ ಮನೆಗೆ ಬಂದೆವು. ಟಿವಿ ಹತ್ತಿರ ಹೋಗಿ ನಿಂತರೆ ಆಟಿಸಂ, ಮೆಟ್ಟಿಲು ಇಳಿಯಲು ಹೆದರಿದರೆ ಆಟಿಸಂ, ಪುಸ್ತಕ ಬಿಸಾಡಿದರೆ ಆಟಿಸಂ. ಎಲ್ಲದಕ್ಕೂ ಒಂದೇ ಹಣೆಪಟ್ಟಿ. ಈ ಬರಹ ಆ ಎರಡೂವರೆ ವರ್ಷಕ್ಕಾಗಿ. ನಾನು ಡಾಕ್ಟರಲ್ಲ, ತಾಯಿ. ಆದರೆ ಈ ದಾರಿಯಲ್ಲಿ ಓಡಾಡಿ ಕಾಲು ಸವೆಸಿದ್ದೇನೆ.

ಆಟಿಸಂ ಇರುವ ಮಕ್ಕಳಲ್ಲಿ ಪವರ್, ಮೆಳ್ಳೆಗಣ್ಣು, ಲೇಜಿ ಐ ಬೇರೆ ಮಕ್ಕಳಿಗಿಂತ ಜಾಸ್ತಿ. 2013ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆಟಿಸಂ ಇರುವ 154 ಮಕ್ಕಳ ಕಣ್ಣಿನ ಪರೀಕ್ಷೆಯ ದಾಖಲೆ ನೋಡಿದಾಗ, ಶೇ. 40ರಷ್ಟು ಮಕ್ಕಳಿಗೆ ಒಂದಲ್ಲ ಒಂದು ಕಣ್ಣಿನ ತೊಂದರೆ ಇತ್ತು. ಹಾಗಾಗಿ ಆಟಿಸಂ ಅಂತ ಗೊತ್ತಾದ ಕೂಡಲೇ ಕಿವಿ ಪರೀಕ್ಷೆ ಮಾಡಿಸುತ್ತಾರಲ್ಲ, ಅದರ ಜೊತೆಗೇ ಕಣ್ಣನ್ನೂ ತೋರಿಸಿಬಿಡಿ. ಲಕ್ಷಣ ಕಾಣಲಿ ಅಂತ ಕಾಯಬೇಡಿ. ನಮ್ಮ ಮನೆಯಲ್ಲಿ ಲಕ್ಷಣ ಅಂತ ಕಂಡದ್ದು ಸಾಸಿವೆ ಮಾತ್ರ.

ಮೊದಲ ಹೆಜ್ಜೆ: ಒಂದು ವಾರ ಸುಮ್ನೆ ಗಮನಿಸಿ, ಬರೆದಿಡಿ

ಕಣ್ಣಿಗೆ ಕಣ್ಣು ಕೊಟ್ಟು ನೋಡುವುದಿಲ್ಲ ಅಂದ ಮಾತ್ರಕ್ಕೆ ದೃಷ್ಟಿದೋಷ ಅಂತಲ್ಲ. ಬಹಳ ಸಲ ಅದು ಆಟಿಸಂನದೇ ಗುಣ. ಆದರೆ ಉಳಿದ ಎಷ್ಟೋ ವರ್ತನೆಗಳು ಎರಡು ಕಡೆಗೂ ಸಲ್ಲುತ್ತವೆ. ಮಗು ಓರೆಗಣ್ಣಿನಲ್ಲಿ ಆಟಿಕೆ ಕಾರಿನ ಚಕ್ರ ನೋಡುವುದು ಕಣ್ಣಿಗೆ ಸಿಗುವ ಖುಷಿಗಾಗಿ ಇರಬಹುದು. ಹಾಗೆ ತಿರುಗಿಸಿದಾಗ ಮಾತ್ರ ಸ್ಪಷ್ಟವಾಗಿ ಕಾಣುತ್ತದೆ ಅಂತಲೂ ಇರಬಹುದು. ನಾನು ಕಂಡುಕೊಂಡ ಒಂದು ಸುಳಿವು: ಖುಷಿಗಾಗಿ ಮಾಡುವುದು ಕೆಲವು ವಸ್ತುಗಳಿಗೆ ಮಾತ್ರ, ಎರಡೂ ಬದಿಗೆ ಇರುತ್ತದೆ. ತಟ್ಟೆ, ಪುಸ್ತಕ, ಟಿವಿ, ಮುಖ, ಏನೇ ನೋಡುವಾಗಲೂ ಯಾವಾಗಲೂ ಒಂದೇ ಕಡೆಗೆ ಕತ್ತು ವಾಲಿಸುತ್ತದೆ ಅಂದರೆ ಕಣ್ಣನ್ನು ಅನುಮಾನಿಸಬೇಕು.

ಇನ್ನು ಇವನ್ನು ನೋಡಿ: ಬಿಸಿಲಿಗೆ ಬಂದಾಗ ಒಂದೇ ಕಣ್ಣು ಮುಚ್ಚುತ್ತದೆಯೇ? ಕೊನೆಯ ಮೆಟ್ಟಿಲಲ್ಲಿ ತಡವರಿಸುತ್ತದೆಯೇ? ಬಾಗಿಲ ಚೌಕಟ್ಟಿಗೆ ಒಂದೇ ಭುಜ ತಾಗಿಸಿಕೊಳ್ಳುತ್ತದೆಯೇ? ಲೋಟಕ್ಕೆ ನೀರು ಹಾಕುವಾಗ ಪಕ್ಕಕ್ಕೆ ಚೆಲ್ಲುತ್ತದೆಯೇ? ಸಂಜೆ ಕರೆಂಟ್ ಹೋದಾಗ ಗೊತ್ತಿರುವ ಮನೆಯಲ್ಲೇ ತಡಕಾಡುತ್ತದೆಯೇ? ಪೋಣಿಸುವ, ಬಣ್ಣ ತುಂಬುವ ಕೆಲಸ ಕೊಟ್ಟರೆ ಎರಡೇ ನಿಮಿಷಕ್ಕೆ ಕಿರಿಕಿರಿ ಮಾಡುತ್ತದೆಯೇ? ಪ್ರತಿಯೊಂದನ್ನೂ ಫೋನಿನಲ್ಲಿ ಅರ್ಧ ನಿಮಿಷದ ವಿಡಿಯೋ ಮಾಡಿಟ್ಟುಕೊಳ್ಳಿ. ಡಾಕ್ಟರ ಮುಂದೆ ಮಗು ಏನೂ ಮಾಡಿ ತೋರಿಸುವುದಿಲ್ಲ, ಬರೀ ಅಳುತ್ತದೆ. ಆಗ ಆ ವಿಡಿಯೋಗಳೇ ಮಾತಾಡುವುದು.

ಕಾಯದೆ ಆ ವಾರವೇ ಓಡಬೇಕಾದವು ಬೇರೆ. ಫ್ಲಾಶ್ ಹಾಕಿ ತೆಗೆದ ಫೋಟೋದಲ್ಲಿ ಕಣ್ಣಿನ ಪಾಪೆ ಬೆಳ್ಳಗೆ ಕಾಣುವುದು, ಕಪ್ಪುಗುಡ್ಡೆ ಮಸುಕಾಗಿರುವುದು, ಕಣ್ಣು ಅಸಹಜವಾಗಿ ದೊಡ್ಡದಾಗಿದ್ದು ಬೆಳಕಿಗೆ ನೀರು ಸುರಿಯುವುದು, ಸರಿಯಿದ್ದ ಕಣ್ಣು ಇದ್ದಕ್ಕಿದ್ದಂತೆ ಮೆಳ್ಳೆಯಾಗುವುದು. ಬಿಳಿ ಪಾಪೆ ಪೊರೆಯದಿರಬಹುದು, ಕಣ್ಣಿನೊಳಗಿನ ಗಡ್ಡೆಯದೂ ಇರಬಹುದು. ಬೆಳಕು ಬಿದ್ದ ಕೋನದಿಂದ ಸುಮ್ಮನೆ ಹಾಗೆ ಕಂಡಿರಲೂಬಹುದು. ಅದನ್ನು ತೀರ್ಮಾನ ಮಾಡುವುದು ನಾವಲ್ಲ.

ಎರಡನೆಯದು: ಮನೆಯಲ್ಲಿ ಒಂದು ಚಿಕ್ಕ ಪರೀಕ್ಷೆ

ಮಗು ತನಗಿಷ್ಟವಾದ ವಿಡಿಯೋ ನೋಡುತ್ತಿರುವಾಗ ಹಿಂದಿನಿಂದ ಬಂದು ಅಂಗೈಯಿಂದ ಒಂದು ಕಣ್ಣು ಮರೆಮಾಡಿ. ಮುಟ್ಟಬೇಡಿ, ಒಂದು ಇಂಚು ದೂರವಿರಲಿ. ಸ್ವಲ್ಪ ಹೊತ್ತಿನ ನಂತರ ಇನ್ನೊಂದು ಕಣ್ಣು. ಬಲಗಣ್ಣು ಮುಚ್ಚಿದರೆ ಸುಮ್ಮನಿದ್ದು, ಎಡಗಣ್ಣು ಮುಚ್ಚಿದರೆ ಮಾತ್ರ ಕೈ ತಳ್ಳಿ ಕಿರುಚಿದರೆ ಬಲಗಣ್ಣಿನಲ್ಲಿ ಕಡಿಮೆ ಕಾಣುತ್ತಿದೆ ಎಂದು ಅರ್ಥವಿರಬಹುದು. ನಮ್ಮ ಮಕ್ಕಳು ಕೈ ಹತ್ತಿರ ಬಂದರೇ ರೇಗುತ್ತಾರಲ್ವಾ? ಅದಕ್ಕೇ ಎರಡು ಬದಿಗಿರುವ ವ್ಯತ್ಯಾಸವನ್ನು ನೋಡಬೇಕು. ಮೂರು ನಾಲ್ಕು ದಿನ, ಬೇರೆ ಬೇರೆ ಹೊತ್ತಿನಲ್ಲಿ ಮಾಡಿ. ಎರಡೂ ಕಣ್ಣಿಗೆ ಒಂದೇ ಥರ ರೇಗಿದರೆ ಇದರಿಂದ ಏನೂ ಗೊತ್ತಾಗುವುದಿಲ್ಲ, ಬಿಟ್ಟುಬಿಡಿ. ಎರಡೂ ಕಣ್ಣು ಒಂದೇ ಸಮ ಮಂಜಾಗಿದ್ದರೂ ಈ ಪರೀಕ್ಷೆ ಹಿಡಿಯುವುದಿಲ್ಲ. ಇದರಲ್ಲಿ ಪಾಸಾಯಿತು ಅಂತ ಡಾಕ್ಟರ ಹತ್ತಿರ ಹೋಗುವುದನ್ನು ಮಾತ್ರ ಬಿಡಬೇಡಿ.

ಮೂರನೆಯದು: ಎಲ್ಲಿಗೆ ಹೋಗಬೇಕು, ಫೋನಿನಲ್ಲಿ ಏನು ಕೇಳಬೇಕು

ಕನ್ನಡಕದ ಅಂಗಡಿಯ ಕಂಪ್ಯೂಟರ್ ಪರೀಕ್ಷೆ ಈ ಮಕ್ಕಳಿಗೆ ಸಾಲದು. ಮಕ್ಕಳ ಕಣ್ಣಿನ ತಜ್ಞರೇ ಬೇಕು. ಬೆಂಗಳೂರಿನಲ್ಲಿ ಸರ್ಕಾರಿ ಮಿಂಟೋ ಕಣ್ಣಾಸ್ಪತ್ರೆ ಇದೆ. ಜಿಲ್ಲೆಯಲ್ಲಿರುವವರು ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ, ಅಂದರೆ ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರ ಎಲ್ಲಿದೆ ಅಂತ ವಿಚಾರಿಸಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಕೆಳಗೆ ಬರುವ ಕೇಂದ್ರ ಅದು. ದೃಷ್ಟಿದೋಷ, ಆಟಿಸಂ ಎರಡೂ ಆ ಕಾರ್ಯಕ್ರಮದ ಪಟ್ಟಿಯಲ್ಲಿವೆ. ಅಂಗನವಾಡಿಗೆ, ಸರ್ಕಾರಿ ಶಾಲೆಗೆ ಬರುವ ಆರೋಗ್ಯ ತಂಡದವರೂ ಅಲ್ಲಿಗೆ ಚೀಟಿ ಬರೆದುಕೊಡುತ್ತಾರೆ.

ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಹೇಳಿಬಿಡಿ: "ಮಗುವಿಗೆ ಆಟಿಸಂ ಇದೆ. ಅಕ್ಷರ ಓದುವುದಿಲ್ಲ, ಮಾತು ಕಡಿಮೆ. ಬೆಳಗಿನ ಮೊದಲ ನಂಬರ್ ಕೊಡಿ. ಕಾಯುವುದು ಆಗುವುದಿಲ್ಲ." ಆಮೇಲೆ ಒಂದು ಪ್ರಶ್ನೆ ಕೇಳಿ: "ರೆಟಿನೋಸ್ಕೋಪಿ ಮಾಡುತ್ತೀರಾ?" ಈ ಒಂದು ಪದ ನೆನಪಿಡಿ. ಕೈಯಲ್ಲಿ ಹಿಡಿದ ಟಾರ್ಚಿನಂಥ ಉಪಕರಣದಿಂದ ಕಣ್ಣಿಗೆ ಬೆಳಕು ಬಿಟ್ಟು, ಒಳಗಿನಿಂದ ವಾಪಸು ಬರುವ ಬೆಳಕು ಯಾವ ಕಡೆ ಸರಿಯುತ್ತದೆ ಅಂತ ನೋಡಿ, ಮುಂದೆ ಲೆನ್ಸ್ ಹಿಡಿದು ಪವರ್ ಕಂಡುಹಿಡಿಯುತ್ತಾರೆ. ಮಗು "ಎ, ಬಿ, ಸಿ" ಅನ್ನಬೇಕಿಲ್ಲ. ಏನೂ ಹೇಳಬೇಕಿಲ್ಲ. ತೊಡೆಯ ಮೇಲೆ ಕೂತು ಒಂದು ಕ್ಷಣ ಅತ್ತ ನೋಡಿದರೆ ಸಾಕು. "ಕೋಆಪರೇಟ್ ಮಾಡ್ತಿಲ್ಲ" ಅಂತ ನನ್ನನ್ನು ವಾಪಸು ಕಳಿಸಿದಾಗ ಈ ಪದ ನನಗೆ ಗೊತ್ತಿದ್ದರೆ ಎಷ್ಟು ಚೆನ್ನಾಗಿತ್ತು!

ಎಷ್ಟು ಕಾಣುತ್ತದೆ ಅಂತ ಅಳೆಯುವುದಕ್ಕೂ ಮಾತು ಬೇಡದ ದಾರಿಗಳಿವೆ. ಒಂದು ಬದಿಗೆ ಗೆರೆಗಳಿರುವ ಬೂದು ಬಣ್ಣದ ಕಾರ್ಡ್ ತೋರಿಸುತ್ತಾರೆ. ಕಂಡರೆ ಮಗುವಿನ ಕಣ್ಣು ತಾನಾಗಿ ಆ ಕಡೆಗೆ ಹೋಗುತ್ತದೆ. ಇದು ಟೆಲ್ಲರ್ ಕಾರ್ಡ್. ಸ್ವಲ್ಪ ಹೊಂದಿಸಿ ಆಡಬಲ್ಲ ಮಕ್ಕಳಿಗೆ ಲೀ ಚಿತ್ರಗಳು: ಸೇಬು, ಮನೆ, ವೃತ್ತ, ಚೌಕ. ದೂರದಲ್ಲಿ ತೋರಿಸಿದ್ದನ್ನು ಕೈಯಲ್ಲಿರುವ ಹಾಳೆಯಲ್ಲಿ ಮುಟ್ಟಿ ತೋರಿಸಿದರಾಯಿತು.

ನಾಲ್ಕನೆಯದು: ಹೋಗುವ ಮೊದಲು ಎರಡು ವಾರ ಮನೆಯಲ್ಲೇ ಆಸ್ಪತ್ರೆ ಆಟ

ಇದನ್ನು ಬಿಟ್ಟರೆ ಉಳಿದದ್ದೆಲ್ಲ ದಂಡ. ನಮ್ಮ ಮಕ್ಕಳಿಗೆ ಕತ್ತಲೆ ಕೋಣೆ, ಮುಖದ ಹತ್ತಿರ ಬರುವ ಅಪರಿಚಿತ, ಕಣ್ಣಿಗೆ ಬೆಳಕು, ಆಮೇಲೆ ಪಾಪೆ ಅಗಲಿಸಲು ಹಾಕುವ ಉರಿಯುವ ಹನಿ, ನಾಲ್ಕೂ ಒಂದೇ ದಿನ ಬಂದರೆ ತಡೆಯುವುದು ಹೇಗೆ?

ನಾನು ಮಾಡಿದ್ದು ಹೀಗೆ. ಮೊದಲ ಮೂರು ದಿನ ಕೋಣೆಯ ಲೈಟ್ ಆರಿಸಿ ಗೋಡೆಯ ಮೇಲೆ ಟಾರ್ಚ್ ಆಟ. ಆಮೇಲೆ ಅವನ ಅಂಗೈ ಮೇಲೆ, ಹೊಟ್ಟೆಯ ಮೇಲೆ, ಕೆನ್ನೆಯ ಮೇಲೆ ಬೆಳಕು. ನಂತರ ಕಣ್ಣಿನ ಹತ್ತಿರ ಒಂದು ಕ್ಷಣ, "ಒಂದು, ಎರಡು, ಮೂರು, ಮುಗೀತು!" ಪ್ರತಿ ಸಲ ಅದೇ ಎಣಿಕೆ. ನಮ್ಮವನಿಗೆ ಯಾವುದಾದರೂ ಮುಗಿಯುತ್ತದೆ ಅಂತ ಗೊತ್ತಾದರೆ ಅರ್ಧ ಭಯ ಹೋಗುತ್ತದೆ. ಮನೆಯ ಟಾರ್ಚ್ ಮಂದವಾಗಿರಲಿ, ಲೇಸರ್ ಬೇಡವೇ ಬೇಡ.

ಹನಿಗೆ ಬೇರೆ ತಾಲೀಮು. ಮಲಗಿಸಿ, ಕಣ್ಣು ಮುಚ್ಚಿಸಿ, ಕುದಿಸಿ ಆರಿಸಿದ ನೀರಿನ ಒಂದು ಹನಿಯನ್ನು ಮೂಗಿನ ಪಕ್ಕ, ರೆಪ್ಪೆಯ ಮೂಲೆಗೆ. ಆಸ್ಪತ್ರೆಯಲ್ಲೂ ಹೀಗೇ ಹಾಕಿ ಅಂತ ಕೇಳಿ. ಮುಚ್ಚಿದ ಕಣ್ಣಿನ ಮೂಲೆಗೆ ಹನಿ ಬಿಟ್ಟು ಆಮೇಲೆ ಕಣ್ಣು ಬಿಡಿಸಿದರೂ ಔಷಧ ಒಳಗೆ ಹೋಗುತ್ತದೆ. ನಾಲ್ಕು ಜನ ಹಿಡಿದುಕೊಂಡು ರೆಪ್ಪೆ ಎಳೆಯಬೇಕಾದ ಅಗತ್ಯ ಬಹಳ ಸಲ ಇರುವುದಿಲ್ಲ.

ಸೇಬು, ಮನೆ, ವೃತ್ತ, ಚೌಕವನ್ನು ರಟ್ಟಿನ ಮೇಲೆ ಕಪ್ಪು ಸ್ಕೆಚ್ ಪೆನ್ನಿನಲ್ಲಿ ಬರೆದು ಜೋಡಿ ಹೊಂದಿಸುವ ಆಟ ಕಲಿಸಿ. ಆಸ್ಪತ್ರೆಯ ಬಾಗಿಲು, ಕುರ್ಚಿ, ಡಾಕ್ಟರರ ಫೋಟೋ ಸಿಕ್ಕರೆ ಐದಾರು ಚಿತ್ರಗಳ ಪುಟ್ಟ ಪುಸ್ತಕ ಮಾಡಿ ದಿನಾ ಮಲಗುವಾಗ ತೋರಿಸಿ. ಕೊನೆಯ ಚಿತ್ರ ಮಾತ್ರ ಮನೆಗೆ ಬಂದು ಅವನಿಗಿಷ್ಟವಾದದ್ದು ಸಿಗುವುದೇ ಆಗಿರಲಿ. ಹೇಳಿದ್ದನ್ನು ಕೊಡಲೇಬೇಕು. ಒಂದು ಸಲ ಮಾತು ತಪ್ಪಿದರೆ ಮುಂದಿನ ಸಲ ಆಟೋ ಹತ್ತಿಸುವುದೇ ಕಷ್ಟ.

ಐದನೆಯದು: ಪರೀಕ್ಷೆಯ ದಿನ

ಪವರ್ ಸರಿಯಾಗಿ ಸಿಗಬೇಕಾದರೆ ಪಾಪೆ ಅಗಲಿಸಿ, ಕಣ್ಣಿನೊಳಗಿನ ಫೋಕಸ್ ಮಾಡುವ ಸ್ನಾಯುವನ್ನು ಸ್ವಲ್ಪ ಹೊತ್ತು ಮಲಗಿಸಬೇಕು. ಮಕ್ಕಳ ಕಣ್ಣಿಗೆ ಫೋಕಸ್ ಮಾಡುವ ಶಕ್ತಿ ಎಷ್ಟಿದೆ ಎಂದರೆ ಪ್ಲಸ್ ಪವರನ್ನು ಪೂರ್ತಿ ಬಚ್ಚಿಟ್ಟುಬಿಡುತ್ತವೆ. ಹನಿ ಹಾಕದೆ ಬರೆದುಕೊಟ್ಟ ಕನ್ನಡಕವನ್ನು ನಾನಂತೂ ನಂಬುವುದಿಲ್ಲ.

ಸೈಕ್ಲೋಪೆಂಟೊಲೇಟ್ ಹನಿಯ ಪ್ರಭಾವ ಸುಮಾರು ಒಂದು ದಿನ, ಹೋಮಟ್ರೋಪಿನ್‌ನದು ಒಂದೆರಡು ದಿನ ಇರುತ್ತದೆ. ಚಿಕ್ಕ ಮಕ್ಕಳಿಗೆ ಕೆಲವೊಮ್ಮೆ ಅಟ್ರೋಪಿನ್ ಮುಲಾಮು ಕೊಟ್ಟು ಮೂರು ದಿನ ಮನೆಯಲ್ಲೇ ಹಚ್ಚಿಕೊಂಡು ಬನ್ನಿ ಅನ್ನುತ್ತಾರೆ. ಅದರ ಪ್ರಭಾವ ಒಂದೆರಡು ವಾರ. ಅಷ್ಟು ದಿನ ಹತ್ತಿರದ್ದು ಮಂಜು, ಬಿಸಿಲು ಕಣ್ಣಿಗೆ ಚುಚ್ಚುತ್ತದೆ. ಮಗುವಿಗೆ ಅದನ್ನು ಹೇಳಲು ಬರದಿದ್ದರೆ ರೇಗಾಟ ಜಾಸ್ತಿ ಆಗುತ್ತದೆ. ಆ ವಾರ ಹೊಸ ಥೆರಪಿ, ಮದುವೆ ಮನೆ, ಪ್ರಯಾಣ ಇಟ್ಟುಕೊಳ್ಳಬೇಡಿ. ಟೋಪಿ ಹಾಕಿ. ಹನಿ ಹಾಕಿದ ಮೇಲೆ ಮೂಗಿನ ಪಕ್ಕ, ಕಣ್ಣಿನ ಒಳಮೂಲೆಯನ್ನು ಒಂದು ನಿಮಿಷ ಮೆಲ್ಲಗೆ ಒತ್ತಿ ಹಿಡಿದರೆ ಔಷಧ ಮೈಗೆ ಇಳಿಯುವುದು ಕಡಿಮೆ. ಮುಖ ಕೆಂಪಾಗಿ ಜ್ವರ ಬಂದರೆ, ಬಾಯಿ ಒಣಗಿ ಎದೆ ಡವಡವ ಹೊಡೆದುಕೊಂಡರೆ, ತೀರಾ ವಿಚಿತ್ರವಾಗಿ ಆಡಿದರೆ ಔಷಧ ನಿಲ್ಲಿಸಿ ಆಗಲೇ ಆಸ್ಪತ್ರೆಗೆ ಫೋನ್ ಮಾಡಿ. ಮುಲಾಮಿನ ಟ್ಯೂಬ್ ಮಗುವಿನ ಕೈಗೆ ಸಿಗಬಾರದು, ಬಾಯಿಗೆ ಹೋದರೆ ಅಪಾಯ.

ಮಗುವಿಗೆ ಫಿಟ್ಸ್ ಇದ್ದರೆ ಹನಿ ಹಾಕುವ ಮೊದಲೇ ಹೇಳಿ. ಈ ಮಾತು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಗಲಾಟೆಯಲ್ಲಿ ಮರೆತುಹೋಗುತ್ತದೆ.

ಎರಡು ಮೂರು ಭೇಟಿಯಲ್ಲೂ ಆಗಲಿಲ್ಲ ಅಂದರೆ ಅರಿವಳಿಕೆ ಕೊಟ್ಟು ನೋಡುವುದುಂಟು. ಹಲ್ಲಿನ ಚಿಕಿತ್ಸೆಗೋ ಎಂಆರ್‌ಐ ಸ್ಕ್ಯಾನಿಗೋ ಹೇಗೂ ಅರಿವಳಿಕೆ ಕೊಡುವವರಿದ್ದರೆ ಅದೇ ಸಲ ಕಣ್ಣನ್ನೂ ನೋಡಬಹುದೇ ಅಂತ ಇಬ್ಬರು ಡಾಕ್ಟರುಗಳನ್ನೂ ಕೇಳಿ. ತಾವಾಗಿ ಯಾರೂ ಇದನ್ನು ಹೊಂದಿಸುವುದಿಲ್ಲ, ನಾವೇ ಮಧ್ಯೆ ನಿಂತು ಹೊಂದಿಸಬೇಕು.

ಡಾಕ್ಟರಿಗೆ ಹೇಳಲೇಬೇಕಾದ ಹಳೆಯ ಕಥೆ

ಹೆರಿಗೆ ಹೇಗಾಯಿತು ಎಂಬುದು ಕಣ್ಣಿಗೆ ಬಹಳ ಮುಖ್ಯ. ಅವಧಿಗೆ ಮುಂಚೆ ಹುಟ್ಟಿದ, ತೂಕ ಕಡಿಮೆಯಿದ್ದ ಮಕ್ಕಳಿಗೆ ಆರ್‌ಒಪಿ ಎಂಬ ಅಕ್ಷಿಪಟಲದ ತೊಂದರೆ ಬರಬಹುದು. ಹುಟ್ಟಿದ 30 ದಿನದೊಳಗೆ ಅದರ ಮೊದಲ ತಪಾಸಣೆ ಆಗಬೇಕು. ಕರ್ನಾಟಕದಲ್ಲಿ 2008ರಿಂದ ಕಿಡ್‌ರಾಪ್ ಎಂಬ ಯೋಜನೆ ಜಿಲ್ಲೆ, ತಾಲ್ಲೂಕುಗಳ ಶಿಶು ಘಟಕಗಳಿಗೆ ಕ್ಯಾಮೆರಾ ಒಯ್ದು ಈ ತಪಾಸಣೆ ಮಾಡುತ್ತಿದೆ. ನಿಮ್ಮ ಮಗುವಿಗೆ ಆಗಿತ್ತೇ ಅಂತ ಡಿಸ್ಚಾರ್ಜ್ ಪತ್ರ ತೆಗೆದು ನೋಡಿ. ಆಗ ಎಲ್ಲಾ ಸರಿ ಅಂದಿದ್ದರೂ ಇಂಥ ಮಕ್ಕಳಿಗೆ ಮುಂದೆ ಮೈನಸ್ ಪವರ್, ಮೆಳ್ಳೆಗಣ್ಣು ಬರುವ ಸಾಧ್ಯತೆ ಜಾಸ್ತಿ.

"ಹುಟ್ಟಿದ ತಕ್ಷಣ ಅಳಲಿಲ್ಲ", "ಸಕ್ಕರೆ ಕಡಿಮೆಯಾಗಿ ಫಿಟ್ಸ್ ಬಂದಿತ್ತು" ಅಂತ ಇದ್ದರೆ ಇನ್ನೊಂದು ವಿಷಯ ಕೇಳಬೇಕು. ಅದರ ಹೆಸರು ಸಿವಿಐ. ಇಲ್ಲಿ ಕಣ್ಣು ಸರಿಯಿರುತ್ತದೆ. ಕಣ್ಣು ಕಳಿಸಿದ ಚಿತ್ರವನ್ನು ಮೆದುಳಿಗೆ ಅರ್ಥ ಮಾಡಿಕೊಳ್ಳಲು ಆಗುವುದಿಲ್ಲ. ಇಂಥ ಮಗು ಮುಖ ನೋಡುವುದಿಲ್ಲ, ದೀಪ ದಿಟ್ಟಿಸುತ್ತದೆ, ಆಟಿಕೆಗಳ ರಾಶಿಯಲ್ಲಿ ತನ್ನ ಕೆಂಪು ಚೆಂಡನ್ನು ಹುಡುಕಲಾರದು. ಅದೇ ಚೆಂಡನ್ನು ಬರೀ ನೆಲದ ಮೇಲೆ ಉರುಳಿಸಿದರೆ ಥಟ್ಟನೆ ನೋಡುತ್ತದೆ. ಜನಜಂಗುಳಿಯಲ್ಲಿ ಅಳುತ್ತದೆ. ಹೊರಗಿನಿಂದ ನೋಡಿದರೆ ಆಟಿಸಂ ಥರವೇ ಇರುತ್ತದೆ. ಒಂದನ್ನು ಇನ್ನೊಂದು ಅಂದುಕೊಳ್ಳುವುದೂ ಉಂಟು, ಎರಡೂ ಒಟ್ಟಿಗೆ ಇರುವುದೂ ಉಂಟು. ಸಿವಿಐ ಇದ್ದರೆ ಕಲಿಸುವ ರೀತಿಯೇ ಬೇರೆಯಾಗುತ್ತದೆ: ಒಂದು ಸಲಕ್ಕೆ ಒಂದೇ ವಸ್ತು, ಹಿಂದೆ ಖಾಲಿ ಕಪ್ಪು ಬಟ್ಟೆ, ಕಡು ಬಣ್ಣ, ನೋಡಲು ಸಾಕಷ್ಟು ಸಮಯ. ಗೋಡೆ ತುಂಬ ಚಾರ್ಟ್ ಅಂಟಿಸಿದ ಕೋಣೆಯಲ್ಲಿ ಆ ಮಗು ಕಳೆದುಹೋಗುತ್ತದೆ.

ಡೌನ್ ಸಿಂಡ್ರೋಮ್, ಫ್ರಾಜೈಲ್ ಎಕ್ಸ್, ಟ್ಯೂಬರಸ್ ಸ್ಕ್ಲೆರೋಸಿಸ್‌ನಂಥ ಹುಟ್ಟಿನಿಂದಲೇ ಬರುವ ತೊಂದರೆ ಇರುವವರಿಗೂ, ಬಸಿರಿನಲ್ಲಿ ರುಬೆಲ್ಲಾ ಸೋಂಕಾದವರ ಮಕ್ಕಳಿಗೂ ಕಣ್ಣಿನ ತೊಂದರೆ ಪ್ರತ್ಯೇಕವಾಗಿ ಬರಬಹುದು. ರಿಪೋರ್ಟ್ ಇದ್ದರೆ ತೆಗೆದುಕೊಂಡು ಹೋಗಿ.

ಇನ್ನು ಮಾತ್ರೆಗಳು. ವಿಗಾಬಾಟ್ರಿನ್ ಎಂಬ ಫಿಟ್ಸ್ ಔಷಧ ಕೆಲವರಲ್ಲಿ ಸುತ್ತಲಿನ ನೋಟವನ್ನು ಶಾಶ್ವತವಾಗಿ ಕಿರಿದು ಮಾಡುತ್ತದೆ. ಆ ಔಷಧ ನಡೆಯುತ್ತಿರುವಷ್ಟು ದಿನವೂ ಕಣ್ಣಿನ ತಪಾಸಣೆ ನಡೆಯುತ್ತಿರಬೇಕು. ಟೋಪಿರಮೇಟ್ ಶುರು ಮಾಡಿದ ಮೊದಲ ಒಂದು ತಿಂಗಳಲ್ಲಿ ಕಣ್ಣು ಕೆಂಪಾಗಿ, ನೋವಿನಿಂದ ಮಗು ಕಣ್ಣು ಹೊಡೆದುಕೊಂಡರೆ ಅದೇ ದಿನ ತೋರಿಸಿ, ಕಣ್ಣಿನ ಒತ್ತಡ ಏರಿರಬಹುದು. ಫಿಟ್ಸ್ ಮಾತ್ರೆಯನ್ನು ನಾವಾಗಿಯೇ ನಿಲ್ಲಿಸುವಂತಿಲ್ಲ, ಬರೆದುಕೊಟ್ಟವರಿಗೆ ಫೋನ್ ಮಾಡಿ.

ಕಣ್ಣುಜ್ಜುವ ಮಗು

ಕಣ್ಣುಜ್ಜುವುದನ್ನೂ ಸ್ಟಿಮ್ಮಿಂಗ್, ಅಂದರೆ ಆಟಿಸಂ ಮಕ್ಕಳು ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುವ ಅಭ್ಯಾಸ, ಅಂತ ಬಿಟ್ಟುಬಿಡುತ್ತೇವೆ. ನಮ್ಮ ಬೇಸಿಗೆಯ ಧೂಳಿನಲ್ಲಿ ಮಕ್ಕಳಿಗೆ ಕಣ್ಣಿನ ಅಲರ್ಜಿ ಬರುವುದು ಬಹಳ. ತುರಿಕೆ, ಎಳೆಎಳೆ ಪಿಸುರು, ಬಿಳಿಗುಡ್ಡೆ ಕಂದು ತಿರುಗುವುದು ಅದರ ಗುರುತು. ಅಲರ್ಜಿಗೆ ಔಷಧ ಹಾಕಿದರೆ ಉಜ್ಜುವುದು ಅರ್ಧ ನಿಲ್ಲುತ್ತದೆ. ವರ್ಷಗಟ್ಟಲೆ ಬಿಟ್ಟರೆ ಕಪ್ಪುಗುಡ್ಡೆ ಶಂಖದಂತೆ ಮೊನಚಾಗಿ ಪವರ್ ಏರುತ್ತಲೇ ಹೋಗಬಹುದು. ಮೆಡಿಕಲ್ ಶಾಪಿನಲ್ಲಿ "ಕಣ್ಣು ಕೆಂಪಾಗಿದೆ, ಒಂದು ಡ್ರಾಪ್ಸ್ ಕೊಡಿ" ಅಂತ ಕೇಳಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಎರಡು ದಿನಕ್ಕೆ ಕಣ್ಣು ಬೆಳ್ಳಗಾಗುತ್ತದೆ, ತಿಂಗಳುಗಟ್ಟಲೆ ಹಾಕಿದರೆ ಗ್ಲಾಕೋಮಾ (ಒತ್ತಡ ಏರಿ ಕಣ್ಣಿನ ನರ ಹಾಳಾಗುವುದು), ಪೊರೆ ಬರಬಹುದು. ಅಲರ್ಜಿಯೂ ಇಲ್ಲ, ಆದರೂ ಬೆರಳಿನಿಂದ ಕಣ್ಣುಗುಡ್ಡೆ ಒತ್ತುತ್ತದೆ, ಕಣ್ಣಿಗೆ ಗುದ್ದಿಕೊಳ್ಳುತ್ತದೆ ಅಂದರೆ ಅಕ್ಷಿಪಟಲ ಹರಿಯುವ ಅಪಾಯವಿದೆ. ಕಣ್ಣಿನ ಡಾಕ್ಟರಿಗೂ ವರ್ತನೆಯ ಥೆರಪಿಸ್ಟಿಗೂ ಇಬ್ಬರಿಗೂ ಹೇಳಿ.

ತಟ್ಟೆಯನ್ನೂ ನೋಡಿ

ಬರೀ ಬಿಳಿ ಅನ್ನ, ಬಿಸ್ಕತ್ತು, ಚಿಪ್ಸ್. ಎಷ್ಟೋ ಮನೆಯ ಕಥೆ ಇದೇ. ವರ್ಷಗಟ್ಟಲೆ ಹೀಗೆ ತಿಂದರೆ ವಿಟಮಿನ್ ಎ ಖಾಲಿಯಾಗುತ್ತದೆ. ಅಮೆರಿಕದಲ್ಲಿ ವರ್ಷಗಳ ಕಾಲ ಕರಿದ ಆಲೂಗಡ್ಡೆ ಮತ್ತು ನೀರು ಮಾತ್ರ ತೆಗೆದುಕೊಂಡ ಆಟಿಸಂ ಇರುವ 8 ವರ್ಷದ ಮಗುವಿನ ಕಣ್ಣಿಗೆ ಹೀಗೆ ಪೆಟ್ಟಾಗಿದ್ದು 1993ರಲ್ಲೇ ವೈದ್ಯ ಪತ್ರಿಕೆಯಲ್ಲಿ ಬಂದಿದೆ. ನಂತರವೂ ಅಂಥ ವರದಿಗಳು ಬರುತ್ತಲೇ ಇವೆ, ಕೆಲವರ ಕಣ್ಣಿನ ನರವೇ ಹಾಳಾಗಿದೆ. ಮೊದಲು ಇರುಳುಗುರುಡು, ಆಮೇಲೆ ಕಣ್ಣು ಒಣಗುವುದು, ಬಿಳಿಗುಡ್ಡೆಯ ಮೇಲೆ ನೊರೆಯಂಥ ಮಚ್ಚೆ. ಕತ್ತಲಾದ ಮೇಲೆ ಹೊರಗೆ ಬರುವುದಿಲ್ಲ ಅಂತ ಹಟ ಮಾಡುವುದು ಹಟವಲ್ಲದೆಯೂ ಇರಬಹುದು.

ಸರ್ಕಾರ ಕೊಡುವ ವಿಟಮಿನ್ ಎ 9 ತಿಂಗಳಿಂದ 5 ವರ್ಷದವರೆಗೆ, ಒಟ್ಟು 9 ಡೋಸ್. ತಾಯಿ ಕಾರ್ಡಿನಲ್ಲಿ ಎಷ್ಟು ಗುರುತು ಬಿದ್ದಿದೆ ನೋಡಿ. ಐದಾದ ಮೇಲೆ ಅದು ನಿಲ್ಲುತ್ತದೆ, ಆದರೆ ನಮ್ಮ ಮಕ್ಕಳ ಊಟದ ಪಟ್ಟಿ ಉದ್ದವಾಗುವುದಿಲ್ಲ. ಆಟಿಸಂಗೆ ಒಳ್ಳೆಯದು ಅಂತ ಯಾರದೋ ಮಾತು ಕೇಳಿ ಹಾಲು, ತುಪ್ಪವನ್ನೂ ನಿಲ್ಲಿಸಿದರೆ ಇದ್ದ ಒಂದು ದಾರಿಯೂ ಮುಚ್ಚಿಹೋಗುತ್ತದೆ. ನಮ್ಮವನು ದೋಸೆ ತಿನ್ನುತ್ತಾನೆ. ಹಿಟ್ಟಿಗೆ ಮೊದಲು ಕಾಲು ಚಮಚ ನುಗ್ಗೆಸೊಪ್ಪಿನ ಪುಡಿ ಹಾಕಿದೆ, ಎರಡು ವಾರಕ್ಕೆ ಅರ್ಧ ಚಮಚ. ಒಂದು ಚಮಚಕ್ಕೆ ಬಂದಾಗ ಹಸಿರು ಗುರುತು ಹಿಡಿದು ತಟ್ಟೆ ತಳ್ಳಿದ. ಮತ್ತೆ ಅರ್ಧಕ್ಕೆ ಬಂದು ಅಲ್ಲೇ ನಿಂತಿದ್ದೇವೆ. ಬೇಯಿಸಿದ ಸಿಹಿಕುಂಬಳವನ್ನು ನುಣ್ಣಗೆ ರುಬ್ಬಿ ಚಪಾತಿ ಹಿಟ್ಟಿಗೆ ಕಲಸಬಹುದು. ವಿಟಮಿನ್ ಎ ಗುಳಿಗೆಯನ್ನು ಮಾತ್ರ ನೀವೇ ತಂದು ಕೊಡಬೇಡಿ. ಹೆಚ್ಚಾದರೆ ಅದೂ ವಿಷವೇ. ಊಟದ ಪಟ್ಟಿ ಹತ್ತು ಸಾಲಿಗಿಂತ ಚಿಕ್ಕದಿದ್ದರೆ ಮಕ್ಕಳ ಡಾಕ್ಟರಿಗೆ ಅದನ್ನು ಬರೆದು ತೋರಿಸಿ.

ಕನ್ನಡಕ ಮೂಗಿನ ಮೇಲೆ ನಿಲ್ಲಿಸುವುದು

ನಿಜವಾದ ಯುದ್ಧ ಇಲ್ಲಿ. ಫ್ರೇಮ್ ಹಗುರವಾಗಿರಲಿ, ಬಗ್ಗಿಸಿದರೆ ಮುರಿಯದಿರಲಿ, ಲೋಹದ ಮೂಗಿನ ಪ್ಯಾಡ್ ಬೇಡ. ತಲೆಯ ಹಿಂದೆ ಎಲಾಸ್ಟಿಕ್ ಪಟ್ಟಿ ಇರಲಿ. ಲೆನ್ಸ್ ಪಾಲಿಕಾರ್ಬೊನೇಟ್ ಆದರೆ ಒಡೆದು ಕಣ್ಣಿಗೆ ಚುಚ್ಚುವ ಭಯ ಕಡಿಮೆ. ಬಟ್ಟೆಯ ಲೇಬಲ್ ಚುಚ್ಚಿದರೂ ಅಳುವ ಮಗುವಿಗೆ ಕಿವಿಯ ಹಿಂದಿನ ಒಂದು ಕಡ್ಡಿ ಎಷ್ಟು ಹಿಂಸೆ ಅಂತ ಯೋಚಿಸಿ. ಅಂಗಡಿಯವರ ಹತ್ತಿರ ಕೂತು ಸರಿಮಾಡಿಸಿಕೊಂಡೇ ಬನ್ನಿ.

ಮೊದಲ ದಿನ ನಾನು ಪುಟ್ಟನಿಗೆ ಕನ್ನಡಕ ಹಾಕಿದ್ದು ಮೂರು ಸೆಕೆಂಡ್. ಅವನು ಕಿತ್ತೆಸೆಯುವ ಮೊದಲೇ ನಾನೇ ತೆಗೆದೆ. ಈ ಒಂದು ಗುಟ್ಟು ಹಿಡಿದುಕೊಳ್ಳಿ. ಕಿತ್ತೆಸೆದ ಮೇಲೆ ಆಟ ಮುಗಿದರೆ ಎಸೆಯುವುದನ್ನೇ ಕಲಿಯುತ್ತದೆ. ನಂತರ ಕನ್ನಡಕ ಹಾಕಿದಾಗ ಮಾತ್ರ ರೈಲಿನ ವಿಡಿಯೋ, ತೆಗೆದರೆ ವಿಡಿಯೋ ನಿಲ್ಲುತ್ತದೆ. ಬೈಗುಳವಿಲ್ಲ, ಉಪದೇಶವಿಲ್ಲ. ಹನ್ನೊಂದನೆಯ ದಿನ ಕಿಟಕಿಯ ಹತ್ತಿರ ನಿಂತು ಎದುರು ಮನೆಯ ಹೆಂಚಿನ ಮೇಲಿದ್ದ ಪಾರಿವಾಳವನ್ನು ಬಹಳ ಹೊತ್ತು ನೋಡಿದ. ಅವತ್ತು ಕನ್ನಡಕ ತೆಗೆಯಲು ನಾನು ಹೋದರೆ ಕೈ ತಳ್ಳಿದ.

ಮೂರು ವಾರವಾದರೂ ಒಗ್ಗದಿದ್ದರೆ ಮಗುವಿನ ಮೇಲೆ ತಪ್ಪು ಹೊರಿಸುವ ಮೊದಲು ಪವರ್ ಮತ್ತೆ ಪರೀಕ್ಷಿಸಿ, ಅಂಗಡಿಯಲ್ಲಿ ಲೆನ್ಸ್ ಎಡಬಲ ಅದಲುಬದಲಾಗಿದೆಯೇ ನೋಡಿಸಿ. ಪ್ಲಸ್ ಪವರ್ ಮಕ್ಕಳಿಗೆ ಕೆಲವು ದಿನ ಅಟ್ರೋಪಿನ್ ಹಾಕಿ ಒಗ್ಗಿಸುವ ಉಪಾಯವೂ ಇದೆ, ಡಾಕ್ಟರನ್ನು ಕೇಳಿ.

ಪಟ್ಟಿ ಕಟ್ಟಲು ಬಿಡದಿದ್ದರೆ

ಲೇಜಿ ಐ ಇದ್ದರೆ ಕನ್ನಡಕದ ಜೊತೆ ಒಳ್ಳೆಯ ಕಣ್ಣನ್ನು ದಿನಕ್ಕಿಷ್ಟು ಹೊತ್ತು ಮುಚ್ಚಿ, ಮಂಕಾದ ಕಣ್ಣಿಗೆ ಕೆಲಸ ಕೊಡುತ್ತಾರೆ. ಏಳು ವರ್ಷದೊಳಗೆ ಶುರುವಾದರೆ ಫಲ ಹೆಚ್ಚು. ಆಮೇಲೂ ಪೂರ್ತಿ ಬಾಗಿಲು ಮುಚ್ಚುವುದಿಲ್ಲ. ಮಧ್ಯಮ ಪ್ರಮಾಣದ ಲೇಜಿ ಐಗೆ ದಿನಕ್ಕೆ 2 ಗಂಟೆ ಪಟ್ಟಿ, 6 ಗಂಟೆಯಷ್ಟೇ ಕೆಲಸ ಮಾಡುತ್ತದೆ ಎಂದು 2003ರಲ್ಲಿ ಬಂದ ಅಮೆರಿಕದ ದೊಡ್ಡ ಅಧ್ಯಯನವೊಂದು ತೋರಿಸಿತು. ದಿನವಿಡೀ ಕಟ್ಟಬೇಕೇನೋ ಅಂತ ಹೆದರಿದ್ದ ನನಗೆ ಜೀವ ಬಂದಂತಾಯಿತು. ಆದರೆ ಪುಟ್ಟ ಎರಡು ನಿಮಿಷವೂ ಬಿಡಲಿಲ್ಲ. ಅಂಟು ಕಿತ್ತು ಕೆನ್ನೆ ಕೆಂಪಾಗಿಸಿಕೊಂಡ.

ಆಗ ಡಾಕ್ಟರ್ ಹೇಳಿದ್ದು ಶನಿವಾರ, ಭಾನುವಾರ ಒಳ್ಳೆಯ ಕಣ್ಣಿಗೆ ಒಂದೊಂದು ಹನಿ ಅಟ್ರೋಪಿನ್. ಆ ಕಣ್ಣು ಹತ್ತಿರದ್ದಕ್ಕೆ ಮಂಜಾಗುತ್ತದೆ, ಮೆದುಳು ಬೇರೆ ದಾರಿಯಿಲ್ಲದೆ ಇನ್ನೊಂದನ್ನು ಬಳಸುತ್ತದೆ. ಕಿತ್ತೆಸೆಯಲು ಏನೂ ಇಲ್ಲ! ಎಲ್ಲರಿಗೂ ಇದು ಹೊಂದುವುದಿಲ್ಲ, ಆದರೆ ಪಟ್ಟಿಯಲ್ಲಿ ಸೋತವರು "ಅಟ್ರೋಪಿನ್ ಆಗುತ್ತದೆಯೇ?" ಅಂತ ಕೇಳುವುದರಲ್ಲಿ ತಪ್ಪೇನಿಲ್ಲ. ಬಲಗಣ್ಣು 6/36 ಇದ್ದದ್ದು (ಸರಿಯಾದ ಕಣ್ಣಿಗೆ 36 ಮೀಟರ್ ದೂರದಿಂದ ಕಾಣುವುದು ಇದಕ್ಕೆ 6 ಮೀಟರಿನಿಂದ ಮಾತ್ರ ಕಾಣುತ್ತದೆ ಅಂತ) ಒಂದು ವರ್ಷಕ್ಕೆ 6/12ಕ್ಕೆ ಬಂತು.

ದುಡ್ಡು ಎಲ್ಲಿ ಹಾಕಬಾರದು

ಬಣ್ಣದ ಗಾಜಿನ ಕನ್ನಡಕದಿಂದ ಕಣ್ಣಿಗೆ ಕಣ್ಣು ಕೊಟ್ಟು ನೋಡಲು ಶುರು ಮಾಡುತ್ತಾರೆ, ವಿಷನ್ ಥೆರಪಿ ಎಂಬ ಕಣ್ಣಿನ ವ್ಯಾಯಾಮದಿಂದ ಆಟಿಸಂ ಕಡಿಮೆಯಾಗುತ್ತದೆ ಎಂದೆಲ್ಲ ಪ್ಯಾಕೇಜ್ ಮಾರುವವರಿದ್ದಾರೆ. ಅದಕ್ಕೆ ಗಟ್ಟಿ ಪುರಾವೆ ಇಲ್ಲ. ಕನ್ನಡಕ ಹಾಕಿದ ಮೇಲೆ ನಮ್ಮವನ ಆಟಿಸಂ ಹೋಗಲಿಲ್ಲ. ಚಿತ್ರದ ಕಾರ್ಡ್ ತೋರಿಸಿ ಬೇಕಾದ್ದನ್ನು ಕೇಳುವುದು ಮಾತ್ರ ಬೇಗ ಕಲಿತ, ಯಾಕೆಂದರೆ ಕಾರ್ಡ್ ಈಗ ಕಾಣುತ್ತಿತ್ತು.

ದುಡ್ಡಿನ ಮಾತು ಬಂದಿದ್ದಕ್ಕೆ ಇದೊಂದು: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ, ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡ್ ಮಾಡಿಸಬಹುದು. ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆ ವರ್ಷಕ್ಕೆ 1 ಲಕ್ಷದವರೆಗೆ ಇದೆ. ಯಾವ ಯಾವ ಬಿಲ್ಲು ಬೇಕು ಅಂತ ಮೊದಲೇ ಕೇಳಿಟ್ಟುಕೊಂಡು ರಸೀದಿ ಎತ್ತಿಡಿ.

ಆಮೇಲೆ

ಲೇಜಿ ಐ ಚಿಕಿತ್ಸೆ ನಡೆಯುವಾಗ ಡಾಕ್ಟರ್ ಹೇಳಿದ ಅಂತರದಲ್ಲಿ, ಸಾಮಾನ್ಯವಾಗಿ ಎರಡು ಮೂರು ತಿಂಗಳಿಗೊಮ್ಮೆ ಹೋಗಬೇಕು. ಬರೀ ಪವರ್ ಇದ್ದರೆ ಆರು ತಿಂಗಳು, ವರ್ಷ. ಪ್ರತಿ ಸಲವೂ ಅದೇ ಡಾಕ್ಟರ್, ಅದೇ ಕೋಣೆ, ಅದೇ ಎಣಿಕೆ ಸಿಗುವಂತೆ ನೋಡಿಕೊಳ್ಳಿ. ಶಾಲೆಯ ಮಿಸ್ಸಿಗೆ ಒಂದು ಚೀಟಿ ಕೊಡಿ: ಯಾವ ಕಣ್ಣು ಮಂದ, ಯಾವ ಬದಿಗೆ ಕೂರಿಸಬೇಕು, ಊಟದ ಹೊತ್ತಿನಲ್ಲಿ ಕನ್ನಡಕ ಎಲ್ಲಿಡಬೇಕು. ಪವರ್ ಚೀಟಿಯ ಫೋಟೋ ಮನೆಯ ಮೂವರ ಫೋನಿನಲ್ಲೂ ಇರಲಿ. ಆಗುವುದಾದರೆ ಮೊದಲ ದಿನವೇ ಅದೇ ಥರದ ಎರಡನೆಯ ಕನ್ನಡಕ ಮಾಡಿಸಿ. ಅದೇ ಬಣ್ಣ, ಅದೇ ಫ್ರೇಮ್. ನಾವು ನೀಲಿ ಮುರಿದಾಗ ಕೆಂಪು ತಂದು, ಮತ್ತೆ ಮೂರು ಸೆಕೆಂಡಿನಿಂದ ಶುರು ಮಾಡಬೇಕಾಯಿತು.